ಹಳದಿ ಸಾಸಿನ ಸೇಡು

ಮೊಮ್ಮಗಳು ಫೋನಿನಲ್ಲಿ ಕನ್ನಡ ಅಕ್ಷರ ಒತ್ತುವುದನ್ನು ಕಲಿಸಿ ಮೂರು ವಾರವಾಯಿತು. "ಏನಾದ್ರೂ ಬರಿ ಅಜ್ಜಿ, ಮೊದ್ಲು ದೇವ್ರ ಹೆಸ್ರು ಬರಿ" ಅಂದಳು. ದೇವರ ಹೆಸರು ಬರೆಯಲು ಕೂತೆ. ಬೆರಳು ಹಿಂದೆ ಕೆಲಸ ಮಾಡಿದ ಕಡೆಯ ಶೆಫ್‌ನ ಹತ್ತಿರ ಹೋಯಿತು. ಇಷ್ಟು ವರ್ಷವಾದರೂ ಅವನ ಮೇಲಿನ ಸಿಟ್ಟು ಆರಿಲ್ಲ ಅಂತ ಆಗಲೇ ಗೊತ್ತಾಗಿದ್ದು. ಇರಲಿ, ದೇವರು ಕಾಯುತ್ತಾನೆ. ಇದನ್ನು ಮೊದಲು ಮುಗಿಸುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಬಿಡದಿ ಸುತ್ತ ರಾಗಿ ಹೊಲಗಳ ಮಧ್ಯೆ ಫ್ಯಾಕ್ಟರಿಗಳು ಏಳುತ್ತಿದ್ದವು. ಕಾರಿನ ಭಾಗ ಮಾಡುವ ಒಂದು ಫ್ಯಾಕ್ಟರಿಯ ಗೆಸ್ಟ್‌ಹೌಸಿನಲ್ಲಿ ನಾನು ಅಡುಗೆ ಕೆಲಸಕ್ಕೆ ಸೇರಿದ್ದೆ. ಅಕ್ಕೂರಿನಿಂದ ಚನ್ನಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಬಿಡದಿಗೆ ಇನ್ನೊಂದು. ಮೆಷಿನ್ನು ಕೂರಿಸಲು ಬಂದಿದ್ದ ಏಳು ಜನ ಪರದೇಶದ ಎಂಜಿನಿಯರುಗಳು ಅಲ್ಲಿದ್ದರು. ಅವರ ಅಡುಗೆಗೆ ಬೆಂಗಳೂರಿನ ದೊಡ್ಡ ಹೋಟೆಲಿನಿಂದ ಬಂದ ಒಬ್ಬ ಶೆಫ್. ಅವನ ಕೈಕೆಳಗೆ ನಾನು. ಪಾತ್ರೆ ತೊಳೆಯಲು ಮಾಗಡಿ ಕಡೆಯ ಒಬ್ಬಳು. ಎಲ್ಲರ ಮೇಲೆ ಒಬ್ಬ ಮೇನೇಜರ್. ಆಗ ನನಗೆ ಐವತ್ತು ದಾಟಿತ್ತು. ಮಾಗಡಿಯವಳು ನನ್ನನ್ನು ಅಕ್ಕಯ್ಯ ಅನ್ನುತ್ತಿದ್ದಳು, ಶೆಫ್ ಏನಮ್ಮ ಅನ್ನುತ್ತಿದ್ದ.

ಶನಿವಾರ ಫ್ಯಾಕ್ಟರಿ ಅರ್ಧ ದಿನ. ಅವತ್ತು ಮಧ್ಯಾಹ್ನ ಒಂದು ಗಂಟೆಗೆ ಸ್ಟೇಕ್ ಊಟ. ಸ್ಟೇಕ್ ಅಂದರೆ ಎರಡು ಬೆರಳು ದಪ್ಪದ ಒಂದೇ ತುಂಡು ಮಾಂಸ. ಕಾದ ಕಬ್ಬಿಣದ ಹಂಚಿನ ಮೇಲೆ ಹಾಕಿ, ಎರಡು ಮಗ್ಗುಲೂ ಕಪ್ಪಗೆ ಸುಟ್ಟು, ಒಳಗೆ ಕೆಂಪು ಉಳಿಸಿ, ಐದು ನಿಮಿಷ ಸುಮ್ಮನೆ ಬಿಟ್ಟು ತಟ್ಟೆಗೆ ಹಾಕುತ್ತಾರೆ. ಅದು ದನದ ಮಾಂಸ, ಬೆಂಗಳೂರಿನಿಂದ ಐಸ್ ಪೆಟ್ಟಿಗೆಯಲ್ಲಿ ಬರುತ್ತಿತ್ತು. ನಮ್ಮದು ಹೊಲವೂ ಕುರಿಯೂ ಇದ್ದ ಮನೆ. ಕುರಿ ಕಡಿದು ಊರಿಗೇ ಬಡಿಸಿದ ಕೈ ಇದು, ಆದರೆ ದನದ್ದು ಮುಟ್ಟುವುದಿಲ್ಲ. ಕೆಲಸಕ್ಕೆ ಸೇರುವ ದಿನವೇ ಹೇಳಿದ್ದೆ. "ಮಾಂಸ ಶೆಫ್ ನೋಡ್ಕೋತಾರೆ. ಜೊತೆಗೆ ಏನೇನು ಬೇಕೋ ಅದು ನಿಮ್ದು" ಅಂದಿದ್ದರು ಮೇನೇಜರ್. ಹಾಗಾಗಿ ಆಲೂಗಡ್ಡೆ, ತರಕಾರಿ, ಈರುಳ್ಳಿ, ನಿಂಬೆಹಣ್ಣು ನನ್ನ ಪಾಲಿಗೆ. ಸಾಸುಗಳು ಅವನ ಪಾಲಿಗೆ.

ಇಲ್ಲಿ ನನ್ನ ಒಂದು ಅಭ್ಯಾಸ ಹೇಳಬೇಕು. ಆಮೇಲಿನ ತೊಂದರೆಯೆಲ್ಲ ಅದರಿಂದಲೇ ಬಂತು. ನಾನು ಒಲೆ ಮುಂದೆ ನಿಂತು ಅಡುಗೆಯ ರುಚಿ ನೋಡುವುದಿಲ್ಲ. ಮನೆದೇವರಿಗೆ ಎಡೆ ಇಡುವ ಮೊದಲು ನಾಲಿಗೆಗೆ ಹಾಕಿದರೆ ಅದು ಎಂಜಲು ಅಂತ ನಮ್ಮತ್ತೆ ಕಲಿಸಿದ್ದರು. ಐವತ್ತು ಸೇರು ಅಕ್ಕಿಯ ಅಡುಗೆಯಾದರೂ ಅಷ್ಟೇ. ಉಪ್ಪು ಸಾಲದ ಸಾರು ಕುದಿಯುವಾಗ ಬರುವ ವಾಸನೆಯೇ ಬೇರೆ. ಹುಳಿ ಜಾಸ್ತಿಯಾದರೆ ನೊರೆ ತೆಳ್ಳಗಾಗುತ್ತದೆ. ಖಾರ ಹದಕ್ಕೆ ಬಂದಿದೆಯೋ ಇಲ್ಲವೋ ಅಂತ ಮೂಗಿಗಿಂತ ಮೊದಲು ಕಣ್ಣಿನ ಮೂಲೆಗೆ ಗೊತ್ತಾಗುತ್ತದೆ. ಮೂವತ್ತು ವರ್ಷ ಹಾಗೇ ಮಾಡಿ ಮಾಡಿ, ದೇವರ ಅಡುಗೆಗೂ ದಿನದ ಅಡುಗೆಗೂ ನನ್ನ ಕೈಗೆ ವ್ಯತ್ಯಾಸವೇ ಉಳಿದಿರಲಿಲ್ಲ.

ಶೆಫ್‌ಗೆ ಇದು ದೊಡ್ಡ ತಮಾಷೆ. ಅವನ ಜೇಬಿನಲ್ಲಿ ಯಾವಾಗಲೂ ಒಂದು ಚಮಚ. ಪ್ರತಿಯೊಂದಕ್ಕೂ ಅದ್ದಿ, ಚೀಪಿ, ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. "ರುಚಿ ನೋಡದೆ ಅಡುಗೆ ಮಾಡೋದು ಕಣ್ಣು ಮುಚ್ಕೊಂಡು ಗಾಡಿ ಓಡಿಸ್ದಂಗೆ ಕಣಮ್ಮ" ಅನ್ನುತ್ತಿದ್ದ.

"ನಿಮ್ಗೆ ಮೂಗಿಲ್ವಾ ಸ್ವಾಮಿ?" ಅಂದಿದ್ದೆ ಒಂದು ಸಲ. ಅದು ಅವನಿಗೆ ಚೆನ್ನಾಗಿ ನೆನಪಿತ್ತು ಅಂತ ಆಮೇಲೆ ತಿಳಿಯಿತು.

ಎಂಜಿನಿಯರುಗಳಲ್ಲಿ ಒಬ್ಬ ಬಹಳ ಚಿಕ್ಕವನು. ಒಂದು ದಿನ ಹಿಂದುಗಡೆ ನಾವು ಉಣ್ಣುತ್ತಿದ್ದಾಗ ಬಂದು, ನಮ್ಮ ತಟ್ಟೆಯ ಉಪ್ಸಾರಿನ ಖಾರ ತೋರಿಸಿ ಕೈ ಚಾಚಿದ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿದ್ದು. ಮುದ್ದೆ ಉಪ್ಸಾರಿನ ಜೊತೆ ಬೆರಳ ತುದಿಯಷ್ಟು ಬೆರೆಸಿಕೊಳ್ಳುವುದು. ಅವನು ನೆಕ್ಕಿ, ಕೆಮ್ಮಿ, ನೀರು ಕುಡಿದು, ಮತ್ತೆ ಕೈ ಚಾಚಿದ. ಮುಂದಿನ ಶನಿವಾರದಿಂದ ಸ್ಟೇಕ್ ಜೊತೆ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಬಟ್ಟಲಿನಲ್ಲಿ ಆ ಖಾರವೂ ಮೇಜಿಗೆ ಹೋಗತೊಡಗಿತು. ಶೆಫ್‌ನ ಮುಖ ಹುಳ್ಳಗಾಯಿತು.

ಅವನ ಹೆಮ್ಮೆಯೆಲ್ಲ ಒಂದು ಹಳದಿ ಸಾಸಿನ ಮೇಲೆ. ಕುದಿಯುವ ನೀರಿನ ಮೇಲೆ ಪಾತ್ರೆ ಇಟ್ಟು, ಮೊಟ್ಟೆಯ ಹಳದಿಗೆ ಹನಿಹನಿಯಾಗಿ ಕರಗಿದ ಬೆಣ್ಣೆ ಬಿಡುತ್ತಾ ಕೈ ಬಿಡದೆ ತಿರುವಬೇಕು. ಒಸಿ ಬಿಸಿ ಹೆಚ್ಚಾದರೆ ಮೊಟ್ಟೆ ಗಂಟು ಕಟ್ಟುತ್ತದೆ, ಕಡಿಮೆಯಾದರೆ ಬೆಣ್ಣೆ ಬೇರೆಯಾಗುತ್ತದೆ. ಮೊದಮೊದಲು ನನ್ನ ಮುಂದೆ ಮಾಡಿ ತೋರಿಸುತ್ತಾ ಅವನೇ ಹೇಳಿದ್ದ: "ಇದನ್ನ ಮಾಡಿದ ಒಂದು ಗಂಟೆಯೊಳಗೆ ಬಡಿಸಿಬಿಡಬೇಕು. ಇಲ್ಲಾಂದ್ರೆ ಇದೇ ವಿಷ." ಆದರೆ ಊಟದ ಹೊತ್ತಿಗೆ ಏಳು ಸ್ಟೇಕ್ ಒಟ್ಟಿಗೆ ಹಂಚಿನ ಮೇಲಿರುವಾಗ ಇದನ್ನು ತಿರುವಲು ಅವನಿಗೆ ಕೈ ಸಾಲುತ್ತಿರಲಿಲ್ಲ. ಬರಬರುತ್ತಾ ಬೆಳಿಗ್ಗೆಯೇ ಮಾಡಿ ಒಲೆ ಪಕ್ಕ ಬೆಚ್ಚಗಿಡತೊಡಗಿದ. ನಾನು ನೋಡಿದ್ದೆ. ಮಾತಾಡಿರಲಿಲ್ಲ. ಸಾಸು ನನ್ನ ಪಾಲಿಗೆ ಬಂದದ್ದಲ್ಲವಲ್ಲ. ಅದೊಂದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಮಾರ್ಚಿನ ಒಂದು ಶನಿವಾರ ಊಟ ಮುಗಿದು ಸಂಜೆಯಾಗುವಷ್ಟರಲ್ಲಿ ಮೂರು ಜನಕ್ಕೆ ವಾಂತಿ, ಭೇದಿ. ಅದರಲ್ಲಿ ಆ ಚಿಕ್ಕವನೂ ಒಬ್ಬ. ಅವನನ್ನು ಆಸ್ಪತ್ರೆಗೆ ಎತ್ತಿಕೊಂಡೇ ಹೋಗಬೇಕಾಯಿತು. ಸೋಮವಾರ ಬೆಳಿಗ್ಗೆ ಮೇನೇಜರ್ ನಮ್ಮನ್ನೆಲ್ಲ ಅಡುಗೆಮನೆಯಲ್ಲಿ ಸಾಲಾಗಿ ನಿಲ್ಲಿಸಿದರು.

ಶೆಫ್ ಕೈಯಲ್ಲಿ ನನ್ನ ಖಾರದ ಬಟ್ಟಲು ಹಿಡಿದಿದ್ದ. "ಸಾರ್, ನನ್ನದೆಲ್ಲ ನಾನು ರುಚಿ ನೋಡಿ ಕಳಿಸ್ತೀನಿ. ಇದು ಕಲ್ಲಲ್ಲಿ ರುಬ್ಬಿದ್ದು, ಕೈಯಲ್ಲಿ ತೆಗೆದದ್ದು. ಆಯಮ್ಮನ್ನೇ ಕೇಳಿ, ರುಚಿ ನೋಡಿದ್ರಾ ಅಂತ."

ಮೇನೇಜರ್ ನನ್ನ ಕಡೆ ತಿರುಗಿದರು. "ನೋಡಿದ್ರೇನಮ್ಮ?"

"ಇಲ್ಲ ಸಾ."

"ನೋಡೇ ಇಲ್ವಾ?"

"ನಾನು ಯಾವತ್ತೂ ನೋಡಾಕಿಲ್ಲ ಸಾ. ನಮ್ಮತ್ತೆ ಕಾಲದಿಂದ್ಲೂ..."

ಮುಂದೆ ಹೇಳಲು ಬಿಡಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಬಾಯಿಗೆ ಬರಲಿಲ್ಲ. "ಅನ್ನ ಹಾಕೋರಿಗೆ ವಿಷ ಹಾಕ್ದಂಗಾಯ್ತಲ್ಲಮ್ಮ" ಅಂದರು ಮೇನೇಜರ್. ಆ ಮಾತು ಎದೆಗೆ ಬಿತ್ತು. "ಇನ್ಮೇಲೆ ರುಚಿ ನೋಡದೆ ಏನೂ ಮೇಜಿಗೆ ಹೋಗಬಾರದು" ಅಂತ ಎಲ್ಲರಿಗೂ ಹೇಳಿದರು. ಕೆಲಸದಿಂದ ತೆಗೆಯಲಿಲ್ಲ. ಶೆಫ್ ಇನ್ನೂ ಒಳ್ಳೆಯ ಉಪಾಯ ಹೇಳಿದ: "ಹೊರಗಡೆ ತಟ್ಟೆ ತೊಳೆಯೋಕೆ ಹಾಕಿ ಸಾರ್. ನಮ್ಮ ಸ್ಟಾಫ್ ಊಟ ಬೇಕಾದ್ರೆ ಹಿಂದ್ಗಡೆ ಸೌದೆ ಒಲೇಲಿ ಮಾಡ್ಕೊಳ್ಳಲಿ. ಗೆಸ್ಟ್ ಊಟಕ್ಕೆ ಕೈ ಹಾಕೋದು ಬೇಡ."

ಆ ತಟ್ಟೆಗಳಲ್ಲಿ ಏನಿರುತ್ತದೆ, ನಾನು ಏನನ್ನು ಮುಟ್ಟುವುದಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳುವಾಗ ನನ್ನ ಕಡೆ ನೋಡಿ ಜೇಬಿನ ಚಮಚವನ್ನು ಒಂದು ಸಲ ಮುಟ್ಟಿಕೊಂಡ.

ಅವತ್ತು ಸಂಜೆ ಬಸ್ಸು ಕೆಂಗಲ್ ದಾಟುವಾಗ ಕಿಟಕಿಯಿಂದಲೇ ಆಂಜನೇಯಸ್ವಾಮಿಗೆ ಕೈ ಮುಗಿದೆ. ಒಳ್ಳೇದು ಮಾಡಪ್ಪ ಅಂತ ಬೇಡಲಿಲ್ಲ. "ಅವನ ನಾಲಿಗೆಯಿಂದ್ಲೇ ಅವನು ಬೀಳಂಗೆ ಮಾಡಪ್ಪ, ನಿಂಗೆ ನೂರೆಂಟು ವಡೆ ಹಾರ ಹಾಕ್ತೀನಿ" ಅಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಸರಿದು ಕೂತಳು.

ಮಾರನೆಯ ದಿನ ತೊಳೆಯುವ ಕಲ್ಲಿನ ಮುಂದೆ ನಿಂತಾಗ ಕೈ ಮುಂದೆ ಹೋಗಲಿಲ್ಲ. ಮಾಗಡಿಯವಳು ನನ್ನ ಮುಖ ನೋಡಿದಳು. "ಅಕ್ಕಯ್ಯ, ನೀನು ಬರೀ ನೀರು ಹುಯ್ಯಿ. ಉಜ್ಜೋದು ನಂಗ್ ಬುಡು" ಅಂದಳು. ಅವಳ ಋಣ ನನ್ನ ಮೇಲೆ ಇವತ್ತಿಗೂ ಇದೆ. ನಾನು ಮಗ್ಗಿನಲ್ಲಿ ನೀರು ಹುಯ್ಯುತ್ತಿದ್ದೆ, ಅವಳು ತೊಳೆಯುತ್ತಿದ್ದಳು. ಮುಟ್ಟುವ ಕೆಲಸ ಇಲ್ಲದಿದ್ದರಿಂದ ನನಗೆ ಉಳಿದದ್ದು ನೋಡುವ ಕೆಲಸ. ನೋಡತೊಡಗಿದೆ.

ಒಂದು ಎಂಜಲು ತಟ್ಟೆ ಎಷ್ಟು ಮಾತಾಡುತ್ತದೆ ಅಂತ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಬೇಯಿಸಿದ ಕ್ಯಾರೆಟ್ಟು ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಬೆಣ್ಣೆ ಹಾಲು ಹಾಕಿ ಮಿದ್ದಿದ ಆಲೂಗಡ್ಡೆ ಅರ್ಧ ಬರುತ್ತಿತ್ತು. ಆದರೆ ಅದರ ಅಂಚು ಹಂಚಿಗೆ ತಾಗಿ ಕೆಂಪಾಗಿದ್ದರೆ ಅಷ್ಟು ಮಾತ್ರ ಕೆರೆದು ತಿಂದಿರುತ್ತಿದ್ದರು. ನಿಂಬೆಹೋಳು ಹಿಂಡಿ ಹಿಂಡಿ ಸಿಪ್ಪೆಯಾಗಿರುತ್ತಿತ್ತು. ಹಸಿ ಈರುಳ್ಳಿ ಒಂದು ಚೂರೂ ಉಳಿಯುತ್ತಿರಲಿಲ್ಲ. ಕ್ರೀಮ್ ಸಾಸಿನ ಮೇಲೆ ಕೆನೆ ಕಟ್ಟಿ, ಅದರಲ್ಲಿ ಒಂದು ಫೋರ್ಕಿನ ಗೆರೆ ಮಾತ್ರ. ಜೊತೆಗೆ ಕೊಡುತ್ತಿದ್ದ ಸಿಹಿ ಕೂಲ್‌ಡ್ರಿಂಕ್ ಅರ್ಧರ್ಧ ವಾಪಸ್ಸು. ಕೆಂಪು ವೈನಿನ ಲೋಟದಲ್ಲೂ ಎರಡು ಗುಟುಕು ಉಳಿದೇ ಇರುತ್ತಿತ್ತು. ಲೋಟ ಮುಟ್ಟಿದರೆ ಕೈಗೆ ಬಿಸಿ. "ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲೇ ಕೊಡಬೇಕು, ಪುಸ್ತಕದಲ್ಲೇ ಬರೆದಿದೆ" ಅನ್ನುತ್ತಿದ್ದ ಶೆಫ್. ಆ ಪುಸ್ತಕ ಬರೆದವರ ರೂಮು ಎಲ್ಲಿತ್ತೋ. ನಮ್ಮ ರೂಮು ಏಪ್ರಿಲ್‌ನಲ್ಲಿ ರಾಮನಗರದ ಬಂಡೆಯ ಹಾಗೆ ಕಾಯುತ್ತಿತ್ತು.

ಆ ಜನಕ್ಕೆ ಬೇಕಾದದ್ದು ಹುಳಿ, ಗರಿಗರಿ, ತಣ್ಣಗಿನದು. ಶೆಫ್ ಕೊಡುತ್ತಿದ್ದದ್ದು ಬೆಣ್ಣೆ, ಬೆಣ್ಣೆ, ಸಿಹಿ. ಅಷ್ಟು ಜಿಡ್ಡಿನ ಮಾಂಸದ ಜೊತೆ ಮತ್ತೆ ಜಿಡ್ಡೇ ಹಾಕಿದರೆ ಬಾಯಿ ತೊಳೆಯುವುದು ಯಾವುದು? ನಾವು ಬಾಡೂಟದಲ್ಲಿ ಪಕ್ಕಕ್ಕೆ ಈರುಳ್ಳಿ, ನಿಂಬೆಹೋಳು ಯಾಕಿಡುತ್ತೇವೆ? ಆ ಮಾಂಸ ನಾನು ತಿಂದಿಲ್ಲ, ತಿನ್ನುವುದೂ ಇಲ್ಲ. ತಿನ್ನದೆಯೇ ಅದರ ಪಕ್ಕಕ್ಕೆ ಏನು ಬೇಕು ಅಂತ ನೀರು ಹುಯ್ಯುತ್ತಾ ಕಲಿತೆ.

ಒಬ್ಬೊಬ್ಬರ ತಟ್ಟೆಯೂ ಗುರುತಾಯಿತು. ಕೊಬ್ಬು ಕತ್ತರಿಸಿ ಅಂಚಿಗೆ ಸಾಲಾಗಿ ಜೋಡಿಸುವವನು ಒಬ್ಬ. ಕಾಳುಮೆಣಸು ಆರಿಸಿ ಗುಡ್ಡೆ ಮಾಡುವವನು ಒಬ್ಬ. ಸಾಸಿನಲ್ಲಿ ಬ್ರೆಡ್ಡು ಅದ್ದಿ ಕನ್ನಡಿಯ ಹಾಗೆ ಒರೆಸುವವನು ಆ ಚಿಕ್ಕವನು. ಅದನ್ನು ಹೇಳಿದಾಗ ಮಾಗಡಿಯವಳು ಉಜ್ಜುವುದನ್ನು ನಿಲ್ಲಿಸಿದಳು.

"ಅಕ್ಕಯ್ಯ, ಆ ಶನಿವಾರನೂ ಹಂಗೇ ಒರ್ಸಿತ್ತು ಕಣೆ. ಮೂರೇ ತಟ್ಟೇಲಿ ಹಳದಿ ಸಾಸು ಖಾಲಿ. ಆ ಕೊಬ್ಬು ಜೋಡ್ಸೋನ್ದು, ಮೆಣಸು ಆರ್ಸೋನ್ದು, ಈ ಹುಡುಗುಂದು. ಮಿಕ್ಕಿದ್ ನಾಕರಲ್ಲೂ ಸಾಸು ಹಂಗೇ ಇತ್ತು, ಬಳಿದು ಹಾಕೋಕೆ ನಂಗೆ ಸಾಕಾಯ್ತು."

"ಖಾರದ ಬಟ್ಲು?"

"ಏಳೂ ಖಾಲಿ."

ಆ ಮೂವರೇ ಆಸ್ಪತ್ರೆಗೆ ಹೋದವರು. ಖಾರ ಏಳು ಜನವೂ ತಿಂದಿದ್ದರು, ಬಿದ್ದವರು ಮೂವರು. ನಾನು ಮಗ್ಗು ಕೆಳಗಿಟ್ಟೆ.

"ಇದ್ನ ಅವತ್ತೇ ಯಾಕೆ ಹೇಳ್ನಿಲ್ಲ?"

"ನನ್ನ ಯಾರು ಕೇಳಿದ್ರು?" ಅಂದಳು.

ಸೀದಾ ಮೇನೇಜರ್ ಹತ್ತಿರ ಹೋಗಿ ಹೇಳಿದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು. "ಆ ತಟ್ಟೆಗಳು ಈಗ ಎಲ್ಲಿವೆ?" ಅಂದರು. ತೊಳೆದು ಮೂರು ವಾರವಾಗಿತ್ತು. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದ ಶೆಫ್ ನಗುತ್ತಾ ಅಡುಗೆಮನೆಗೆ ಹೋದ. "ತಟ್ಟೆ ಸಾಕ್ಷಿ ಹೇಳ್ತವಂತೆ" ಅಂತ ದಿನವೆಲ್ಲ ಆಡಿಕೊಂಡ.

ಅಷ್ಟರಲ್ಲಿ ಸುದ್ದಿ ಬಂತು. ಫ್ಯಾಕ್ಟರಿಯ ಪರದೇಶದ ಯಜಮಾನರು ಬರುತ್ತಾರೆ, ಏಪ್ರಿಲ್ ಕೊನೆಯ ಶನಿವಾರ ಇಲ್ಲೇ ಊಟ, ಒಟ್ಟು ಹನ್ನೆರಡು ಜನ. ಮೂರು ಜನ ಆಸ್ಪತ್ರೆಗೆ ಹೋದ ವಿಷಯ ಅವರ ತನಕ ಮುಟ್ಟಿತ್ತು. ಈ ಊಟವೂ ಕೆಟ್ಟರೆ ಗೆಸ್ಟ್‌ಹೌಸ್ ಮುಚ್ಚಿ ಎಲ್ಲರನ್ನೂ ಬೆಂಗಳೂರಿನ ಹೋಟೆಲಿಗೆ ಹಾಕುತ್ತಾರಂತೆ. ಮುಚ್ಚಿದರೆ ಶೆಫ್ ಇನ್ನೊಂದು ಹೋಟೆಲಿಗೆ ಹೋಗುತ್ತಾನೆ, ಮಾಗಡಿಯವಳು ಮನೆಗೆ ಹೋಗುತ್ತಾಳೆ. ನಾನು ವಿಷ ಹಾಕಿದವಳಾಗಿಯೇ ಊರಿಗೆ ವಾಪಸ್ಸು ಹೋಗುತ್ತೇನೆ. ಸಂಬಳಕ್ಕಿಂತ ಅದೇ ನನ್ನನ್ನು ಸುಡುತ್ತಿತ್ತು.

ಆ ಶನಿವಾರಕ್ಕೆ ನಾನೂ ತಯಾರಿ ಮಾಡಿಕೊಂಡೆ. ಹಿಂದಿನ ದಿನ ನಮ್ಮೂರಲ್ಲಿ ಹೊಲದ ಬದುವಿಗೆ ಹೋದೆ. ರೇಷ್ಮೆ ತೋಟದ ಗಿಡಗಳನ್ನು ಸೊಪ್ಪಿಗಾಗಿ ಕತ್ತರಿಸುತ್ತಲೇ ಇರುತ್ತೇವೆ, ಹಣ್ಣು ಬಿಡಲು ಅವಕ್ಕೆ ಪುರುಸೊತ್ತಿಲ್ಲ. ಬದುವಿನ ಮೇಲೆ ಯಾರೂ ಕತ್ತರಿಸದೆ ಬಿಟ್ಟ ಎರಡು ಹಳೆಯ ಹಿಪ್ಪುನೇರಳೆ ಮರಗಳಿದ್ದವು. ಅವುಗಳ ಕಪ್ಪು ಹಣ್ಣು ಹಕ್ಕಿ ತಿಂದು ಉಳಿದದ್ದು ನೆಲಕ್ಕೆ ಬೀಳುತ್ತಿತ್ತು. ಸೆರಗಿನ ತುಂಬ ಕಿತ್ತೆ, ಸೆರಗು ಹಾಳಾಯಿತು. ಜೊತೆಗೆ ತೋತಾಪುರಿ ಮಾವಿನಕಾಯಿ, ಗುಂಡು ಬದನೆಕಾಯಿ, ಒಂದು ಡಬ್ಬಿ ಹುಚ್ಚೆಳ್ಳು ಪುಡಿ. ಬಸ್ಸಿನ ಕಂಡಕ್ಟರು "ಏನವ್ವ, ಸಂತೆಗಾ?" ಅಂದ. "ಯುದ್ಧಕ್ಕೆ" ಅಂದೆ.

ಬೆಳಿಗ್ಗೆ ಆರೂವರೆಗೆ ನಾನು ಗೇಟಿನೊಳಗೆ ಕಾಲಿಟ್ಟಾಗಲೇ ಶೆಫ್ ಹಳದಿ ಸಾಸು ತಿರುವುತ್ತಿದ್ದ. ಹನ್ನೆರಡು ಸ್ಟೇಕಿಗೆ ಒಂದೇ ಹಂಚು. ಸಾಸು ಮೊದಲೇ ಮುಗಿಸಿಬಿಡೋಣ ಅಂತ ಅವನ ಲೆಕ್ಕ. ಚಮಚ ಅದ್ದಿ ಚೀಪಿ, ಕಣ್ಣು ಮುಚ್ಚಿ ತಲೆ ಆಡಿಸಿದ. ಆಮೇಲೆ ಪಾತ್ರೆ ಮುಚ್ಚಿ ಒಲೆ ಪಕ್ಕದ ಕಟ್ಟೆಯ ಮೇಲಿಟ್ಟು, ಎರಡು ಮೊಟ್ಟೆ ಒಡೆದು ಆಮ್ಲೆಟ್ ಮಾಡಿಕೊಂಡು ತಿಂದ.

ಹಿಂದುಗಡೆ ಸೌದೆ ಒಲೆಯಲ್ಲಿ ಸ್ಟಾಫ್ ಊಟದ ನೆಪದಲ್ಲಿ ನಾನು ಶುರು ಮಾಡಿದೆ. ಸಣ್ಣ ಆಲೂಗಡ್ಡೆಗಳನ್ನು ಸಿಪ್ಪೆಯ ಸಮೇತ ಬೇಯಿಸಿ, ಅಂಗೈಯಲ್ಲಿ ಒತ್ತಿ ಬಿರಿಯುವ ಹಾಗೆ ಮಾಡಿ, ಹಂಚಿನ ಮೇಲೆ ಎರಡೂ ಕಡೆ ಕೆಂಪಗೆ ಸುಟ್ಟು, ಮೇಲೆ ಹುಚ್ಚೆಳ್ಳು ಪುಡಿ ಉದುರಿಸುವುದು. ಮಾವಿನಕಾಯಿ, ಈರುಳ್ಳಿ ಕೂದಲಿನಷ್ಟು ತೆಳ್ಳಗೆ ಹೆಚ್ಚಿ, ಬಡಿಸುವ ಹತ್ತು ನಿಮಿಷ ಮುಂಚೆ ಮಾತ್ರ ಉಪ್ಪು ಹಾಕುವುದು, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಬದನೆಕಾಯಿ ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಜಜ್ಜಿ ಗೊಜ್ಜು. ಹಿಪ್ಪುನೇರಳೆ ಹಣ್ಣು ಕಿವುಚಿ ಸೋಸಿ, ಕಾಳುಮೆಣಸು, ಒಂದು ಚೂರು ಹುಣಸೆ, ಉಪ್ಪು ಹಾಕಿ, ಸೌಟಿನ ಹಿಂಭಾಗಕ್ಕೆ ಅಂಟುವ ತನಕ ಕುದಿಸಿದ ಗೊಜ್ಜು. ಮತ್ತೆ ನನ್ನ ಖಾರ. ಇವೆಲ್ಲ ಯಾಕೆ ಮಾಡುತ್ತಿದ್ದೆ ಅಂದರೆ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ. ಅವನ ಕ್ಯಾರೆಟ್ಟೆಲ್ಲ ವಾಪಸ್ಸು ಬಂದಾಗ ಮೇನೇಜರ್ ಮುಂದೆ ನನ್ನ ಬಟ್ಟಲುಗಳನ್ನಿಟ್ಟು ಅವನನ್ನು ಸಣ್ಣವನನ್ನಾಗಿ ಮಾಡಬೇಕು, ಅಷ್ಟೇ ಯೋಚನೆ ಇತ್ತು.

ಹನ್ನೆರಡು ಗಂಟೆಗೆ ಸೌದೆ ತರಲು ಹೋಗುವಾಗ ಅಡುಗೆಮನೆಯೊಳಗೆ ಇಣುಕಿದೆ. ಹಳದಿ ಸಾಸಿನ ಪಾತ್ರೆ ಅಲ್ಲೇ ಇತ್ತು. ಮಾಡಿಟ್ಟು ಐದೂವರೆ ಗಂಟೆ ಆಗಿತ್ತು. ಬೆಳಿಗ್ಗೆಯಿಂದ ಕರೆಂಟ್ ಬೇರೆ ಇರಲಿಲ್ಲ. ಒಳಗಿನ ಕಾವಿಗೆ ನನ್ನ ಕನ್ನಡಕ ಮಂಜಾಯಿತು.

ಕೈ ಕಟ್ಟಿಕೊಂಡು ನಿಂತೆ. ಈಗ ನಾನು ಗೆಸ್ಟ್ ಊಟಕ್ಕೆ ಕೈ ಹಾಕುವವಳಲ್ಲ. ಸುಮ್ಮನಿದ್ದರೆ ಸಾಕು. ಯಜಮಾನರೇ ಬೀಳುತ್ತಾರೆ, ಈ ಸಲ ಹೊರಿಸಲು ಅವನಿಗೆ ನನ್ನ ಖಾರದ ಬಟ್ಟಲೂ ಇಲ್ಲ. ಆಂಜನೇಯಸ್ವಾಮಿ ಇಷ್ಟು ಬೇಗ ಕಿವಿಗೊಡುತ್ತಾನೆ ಅಂದುಕೊಂಡಿರಲಿಲ್ಲ. ಸತ್ಯ ಹೇಳುತ್ತೇನೆ, ಖುಷಿಯಾಯಿತು. ಎರಡು ನಿಮಿಷ ಆ ಖುಷಿಯನ್ನು ಚೆನ್ನಾಗಿ ಅನುಭವಿಸಿದೆ.

ಆಮೇಲೆ ಊಟದ ಮನೆಯಲ್ಲಿ ಆ ಚಿಕ್ಕ ಎಂಜಿನಿಯರು ಕಂಡ. ಆಸ್ಪತ್ರೆಯಿಂದ ಬಂದಮೇಲೆ ಸೊರಗಿದ್ದ. ಹಸಿವಿಗೆ ಬರೀ ಬ್ರೆಡ್ಡು ಮುರಿದು ತಿನ್ನುತ್ತಾ ಮೊದಲೇ ಬಂದು ಕೂತಿದ್ದ. ಇವತ್ತೂ ಆ ಬ್ರೆಡ್ಡಿನಿಂದಲೇ ತಟ್ಟೆ ಒರೆಸುತ್ತಾನೆ ಅನ್ನಿಸಿತು. ಅದೊಂದೇ ಕಾರಣ ಅಂತ ಹೇಳಿ ದೊಡ್ಡವಳಾಗುವುದಿಲ್ಲ. ಇನ್ನೊಂದೂ ಹೊಳೆಯಿತು: ಇವರು ಬಿದ್ದರೆ ತಟ್ಟೆ ತೊಳೆದ ನೀರು ಸರಿಯಿರಲಿಲ್ಲ ಅಂತ ಶೆಫ್ ಅನ್ನುತ್ತಾನೆ. ಅವನ ಕೈಗೆ ಹತ್ತಿರದಲ್ಲಿ ಸಿಗುವ ಕುತ್ತಿಗೆ ನನ್ನದೇ. ನನಗೆ ಅವನು ಬೀಳಬೇಕಿತ್ತು, ಊಟ ಬೀಳಬೇಕಿರಲಿಲ್ಲ.

ಮೇನೇಜರ್ ಹನ್ನೆರಡೂವರೆಗೆ ಅಡುಗೆಮನೆ ನೋಡಲು ಬಂದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದೆ, ಹಿಂದೆಯೇ ಮಾಗಡಿಯವಳು.

"ಏನಮ್ಮ, ನಿನಗೆ ಒಳಗೇನು ಕೆಲಸ?" ಅಂದ ಶೆಫ್.

"ಒಂದ್ ಮಾತು ಸ್ವಾಮಿ. ನಾನು ರುಚಿ ನೋಡ್ನಿಲ್ಲ ಅಂತಲ್ವಾ ನನ್ನ ಆಚೆಗೆ ಹಾಕಿದ್ದು? ಅವತ್ತಿಂದ ಈ ಮನೇಲಿ ರುಚಿ ನೋಡ್ದೆ ಏನೂ ಮೇಜಿಗೆ ಹೋಗ್ಬಾರ್ದು ಅಂತ ಸಾಹೇಬ್ರು ಅಂದವ್ರೆ. ಹೌದಲ್ವಾ ಸಾ?"

ಮೇನೇಜರ್ ಹೌದು ಅಂತ ತಲೆ ಆಡಿಸಿದರು. ನಾನು ಹಳದಿ ಸಾಸಿನ ಮುಚ್ಚಳ ತೆಗೆದೆ. ಮೇಲೆ ಬೆಣ್ಣೆ ಎಣ್ಣೆಯ ಹಾಗೆ ತೇಲುತ್ತಿತ್ತು.

"ಜೇಬಲ್ಲಿ ಚಮಚ ಐತಲ್ಲ ಸ್ವಾಮಿ. ಸಾಹೇಬ್ರ ಮುಂದೆ ಒಂದ್ ಚಮಚ ನೋಡ್ಬುಡಿ. ನಾವು ನೆಮ್ಮದಿಯಾಗಿ ತಟ್ಟೆ ತೊಳೀತೀವಿ."

"ಬೆಳಿಗ್ಗೆನೇ ನೋಡಿದ್ದೀನಿ."

"ಬೆಳಿಗ್ಗೆ ಎಷ್ಟೊತ್ಗೆ?" ಕೇಳಿದ್ದು ಮೇನೇಜರ್.

ಶೆಫ್ ಹಂಚಿನ ಕಡೆ ತಿರುಗಿದ. ಮೇನೇಜರ್ ಪಾತ್ರೆಯ ಹತ್ತಿರ ಬಗ್ಗಿ ನೋಡಿದರು. ಅವರಿಗೆ ನನ್ನ ತಟ್ಟೆಗಳ ಕಥೆ ನೆನಪಾಯಿತು ಅಂತ ಕಾಣುತ್ತದೆ. ಮುಖ ಬಿಗಿಯಾಯಿತು. "ಒಂದು ಚಮಚ ತಗೊಳ್ಳಿ ಶೆಫ್. ಈಗಲೇ."

ಶೆಫ್ ಚಮಚ ತೆಗೆದ. ಅದ್ದಿದ. ಬಾಯಿಯ ಹತ್ತಿರ ತಂದ. ಅಲ್ಲೇ ನಿಂತ. ಹಣೆಯಿಂದ ಒಂದು ಹನಿ ಬೆವರು ಇಳಿದು ಕೋಟಿನ ಮೇಲೆ ಬಿತ್ತು.

"ಇವತ್ತು ಶನಿವಾರ ಸಾರ್" ಅಂದ ಕೊನೆಗೆ. "ಶನಿವಾರ ನಾನು ಮೊಟ್ಟೆ ಮುಟ್ಟಲ್ಲ."

ಹಿಂದಿನಿಂದ ಮಾಗಡಿಯವಳು ಬಾಯಿ ಬಿಟ್ಟಳು. ಅವಳನ್ನು ಯಾರೂ ಕೇಳಿರಲಿಲ್ಲ. "ಬೆಳಗ್ಗೆ ಆಮ್ಲೆಟ್ ತಿಂದ ತಟ್ಟೆ ನಾನೇ ತೊಳ್ದಿವ್ನಿ ಸಾ. ಎರಡು ಮೊಟ್ಟೇದು."

ಅವನು ಚಮಚ ಕೆಳಗಿಟ್ಟ. ಮೇನೇಜರ್ ಪಾತ್ರೆ ಎತ್ತಿ ತಾವೇ ಮೋರಿಗೆ ಸುರಿದರು. ಸುರಿದು ನನ್ನ ಕಡೆ ತಿರುಗಿ ಒಂದು ಕ್ಷಣ ನೋಡಿದರು. ಅವರು ಕ್ಷಮಿಸಿ ಅನ್ನಲಿಲ್ಲ, ನಾನು ಕೇಳಲೂ ಇಲ್ಲ. ಆ ನೋಟ ಸಾಕಾಯಿತು.

"ಇನ್ನೊಂದು ಸಲ ಮಾಡ್ತೀರಾ?" ಅಂದರು ಶೆಫ್‌ಗೆ.

"ಅರ್ಧ ಗಂಟೇಲಿ... ಹನ್ನೆರಡು ಸ್ಟೇಕು... ಒಂದೇ ಹಂಚು..."

"ಹಿಂದ್ಗಡೆ ಒಲೆ ಮೇಲೆ ನಮ್ಮೋರ ಊಟಕ್ಕೆ ಅಂತ ಒಸಿ ಮಾಡಿವ್ನಿ ಸಾ" ಅಂದೆ ನಾನು, ಬಹಳ ಸಾಧುವಾಗಿ.

ಮೇನೇಜರ್ ಹಿಂದೆ ಬಂದು ಬಟ್ಟಲುಗಳ ಸಾಲು ನೋಡಿದರು. ಸ್ಟಾಫ್ ನಾಲ್ಕು ಜನಕ್ಕೆ ಇಷ್ಟೊಂದಾ ಅಂತ ಹುಬ್ಬು ಏರಿತು. ಆಮೇಲೆ ಕೇಳಬಾರದ ಪ್ರಶ್ನೆಯನ್ನೇ ಕೇಳಿದರು: "ರುಚಿ ನೋಡಿದ್ದೀರಾ?"

ಬಾಗಿಲಲ್ಲಿ ಶೆಫ್ ನಿಂತಿದ್ದ. ಒಂದು ಬೆರಳು ಅದ್ದಿ ಬಾಯಿಗಿಟ್ಟರೆ ಮುಗಿಯಿತು. ಆದರೆ ಅದ್ದಿದರೆ ಅವನು ಅವತ್ತು ಹೇಳಿದ್ದು ಸರಿ ಅಂತಾಗುತ್ತಿತ್ತು.

"ಇಲ್ಲ ಸಾ. ನಾನು ನೋಡಾಕಿಲ್ಲ. ನೀವು ನೋಡಿ."

ಅವರು ಹಿಪ್ಪುನೇರಳೆ ಗೊಜ್ಜಿಗೆ ಬೆರಳು ಅದ್ದಿದರು. ಮತ್ತೆ ಅದ್ದಿದರು. "ಉಪ್ಪು ಸರಿಯಾಗಿದೆಯಲ್ಲಮ್ಮ" ಅಂದರು, ಯಾರೋ ಮೋಸ ಮಾಡಿದ ಹಾಗೆ.

"ಗೊತ್ತು ಸಾ" ಅಂದೆ.

ಆಮೇಲಿನ ಅರ್ಧ ಗಂಟೆ ಓಟ. ವೈನಿನ ಬಾಟಲಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತೊಟ್ಟಿಯ ನೆರಳಿನ ನೀರಲ್ಲಿ ಮುಳುಗಿಸಿದೆ. ಬೇಡ ಅನ್ನಲು ಶೆಫ್‌ಗೆ ಬಾಯಿ ಇರಲಿಲ್ಲ. ಸಿಹಿ ಕೂಲ್‌ಡ್ರಿಂಕ್ ಬದಲು ನಿಂಬೆಹಣ್ಣು, ಉಪ್ಪು, ಸೋಡ. ಸ್ಟೇಕ್ ಅವನೇ ಸುಟ್ಟ. ಚೆನ್ನಾಗಿಯೇ ಸುಟ್ಟ, ಆ ಕೆಲಸ ಅವನಿಗೆ ಬರುತ್ತಿತ್ತು. ತಟ್ಟೆಗೆ ಹಾಕುವಾಗ ನಾನು ಗೊಜ್ಜಿನ ಬಟ್ಟಲು ಅವನ ಕೈಗೇ ಕೊಟ್ಟೆ. "ನಾನು ಗೆಸ್ಟ್ ಊಟಕ್ಕೆ ಕೈ ಹಾಕ್ಬಾರ್ದಲ್ವಾ ಸ್ವಾಮಿ. ನೀವೇ ಹಾಕಿ. ಮಾಂಸದ ಮೇಲೆ ಬೇಡ, ಪಕ್ಕಕ್ಕೆ. ಹಾಂ, ಅಷ್ಟೇ. ಒಸಿ ಕಮ್ಮಿ ಆಯ್ತು." ಹನ್ನೆರಡು ತಟ್ಟೆಗೂ ಅವನ ಕೈಯಿಂದಲೇ ಹಾಕಿಸಿದೆ. ಹನ್ನೆರಡು ಸಲವೂ ಒಂದೊಂದು ಮಾತು ಹೇಳಿದೆ. ಅದನ್ನು ನೆನೆದರೆ ಈಗಲೂ ನಿದ್ದೆ ಚೆನ್ನಾಗಿ ಬರುತ್ತದೆ.

ಊಟದ ಮನೆಯಿಂದ ಸದ್ದು ಕೇಳುತ್ತಿತ್ತು. ಮೊದಲು ಚಾಕು ಫೋರ್ಕಿನದು, ಆಮೇಲೆ ನಗುವಿನದು. ಸೋಡ ಎರಡನೇ ಸಲ ಕೇಳಿದರು. ಚಿಕ್ಕ ಎಂಜಿನಿಯರು ಖಾಲಿ ಖಾರದ ಬಟ್ಟಲು ಹಿಡಿದು ತಾನೇ ಒಳಗೆ ಬಂದ.

ಎರಡೂವರೆಗೆ ತಟ್ಟೆಗಳು ಬಂದವು. ಅವತ್ತು ಯಾರೂ ನನ್ನನ್ನು ತೊಳೆಯುವ ಕಲ್ಲಿಗೆ ಕಳಿಸಿರಲಿಲ್ಲ. ನಾನೇ ಹೋದೆ. ಮಾಗಡಿಯವಳ ಕೈಯಲ್ಲಿ ಹನ್ನೆರಡನ್ನೂ ಸಾಲಾಗಿ ಇಡಿಸಿದೆ. "ಈಗ್ಲೇ ತೊಳೀಬೇಡ ಇರು" ಅಂತ ಅವಳಿಗೆ ಹೇಳಿ ಶೆಫ್‌ನನ್ನು ಕೂಗಿದೆ. ಬರುವುದಿಲ್ಲ ಅಂದುಕೊಂಡಿದ್ದೆ. ಬಂದ.

"ನೋಡಿ ಸ್ವಾಮಿ. ತಟ್ಟೆ ಸಾಕ್ಷಿ ಹೇಳ್ತವೆ."

ಅವನು ಈ ತುದಿಯಿಂದ ನೋಡುತ್ತಾ ಹೊರಟ. ಆಲೂಗಡ್ಡೆ ಇಲ್ಲ, ಮಾವಿನಕಾಯಿ ಇಲ್ಲ, ಗೊಜ್ಜಿನ ಬಣ್ಣ ಮಾತ್ರ ಉಳಿದಿದೆ. ಒಂದು, ಎರಡು, ಮೂರು. ಚಿಕ್ಕವನ ತಟ್ಟೆ ಕನ್ನಡಿಯ ಹಾಗಿತ್ತು. ನಾನು ಅವನ ಪಕ್ಕದಲ್ಲೇ ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು. ಹಾಗಾಗಿ ಹನ್ನೆರಡನೆಯದನ್ನು ನಾನೇ ಮೊದಲು ನೋಡಿದೆ.

ಅದು ಯಜಮಾನರ ತಟ್ಟೆ. ಮೂಲೆಯಲ್ಲಿ ನನ್ನ ಬದನೆಕಾಯಿ ಗೊಜ್ಜು, ಬಡಿಸಿದ ಹಾಗೇ, ಗುಂಡಗೆ. ಫೋರ್ಕಿನ ಒಂದೇ ಒಂದು ತುದಿ ತಾಗಿಸಿ, ಇನ್ನೆಂದೂ ಬೇಡ ಅಂತ ದೂರ ತಳ್ಳಿದ ಗುರುತು.

ಶೆಫ್ ಹತ್ತನೆಯ ತಟ್ಟೆಯ ಹತ್ತಿರ ಬಗ್ಗಿದ್ದ. ನಾನು ಮಗ್ಗು ಮುಳುಗಿಸಿ ತುಂಬ ನೀರು ತೆಗೆದು ಹನ್ನೆರಡನೆಯದರ ಮೇಲೆ ಒಂದೇ ಸಲಕ್ಕೆ ಹುಯ್ದುಬಿಟ್ಟೆ. ಗೊಜ್ಜು ಜಾರಿ ಮೋರಿಗೆ ಹೋಯಿತು. ಮಾಗಡಿಯವಳು ಸೆರಗು ಬಾಯಿಗಿಟ್ಟುಕೊಂಡು ಆ ಕಡೆ ತಿರುಗಿದಳು.

"ಅದರಲ್ಲಿ ಏನಿತ್ತು?" ಅಂದ ಶೆಫ್.

"ಏನೂ ಇರ್ನಿಲ್ಲ ಸ್ವಾಮಿ" ಅಂದೆ. "ಅದೂ ಖಾಲಿನೇ."